ಪರವಾನಗಿ ಮೊದಲು, ಯಂತ್ರ ಆಮೇಲೆ

ನಗರದಲ್ಲಿ ಕೀಟ ನಿಯಂತ್ರಣದ ಕೆಲಸ ಶುರುಮಾಡಲು ಪರವಾನಗಿ ಮೊದಲೋ ಸ್ಪ್ರೇ ಯಂತ್ರ ಮೊದಲೋ ಅಂತ ಕೇಳಿದ್ದೀರಿ. ಪರವಾನಗಿಯೇ ಮೊದಲು. ಫಾಸ್ಫೀನ್‌ನಂಥ ವಿಷಾನಿಲ ತುಂಬಿ ಕೀಟ ಕೊಲ್ಲುವ ಫ್ಯೂಮಿಗೇಶನ್‌ಗೆ ತರಬೇತಿ, ಅನುಮತಿ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಆ ಅನಿಲ ಪಕ್ಕದ ಮನೆಗೆ ನುಸುಳಿ ಜೀವ ತೆಗೆದದ್ದುಂಟು. ದಯವಿಟ್ಟು ಅನುಮತಿಯಿಲ್ಲದೆ ಕೈಹಾಕಬೇಡಿ.

ಖರ್ಚಿನಲ್ಲಿ ಹೊಸಬರು ಮರೆಯುವುದು ಮರುಭೇಟಿಯನ್ನು. ತಿಗಣೆಯ ಮೊಟ್ಟೆ ಹೆಚ್ಚಿನ ಕೀಟನಾಶಕಗಳಿಗೆ ಸುಲಭಕ್ಕೆ ಸಾಯುವುದಿಲ್ಲ. ಮರಿಗಳು ಹೊರಬಂದ ಮೇಲೆ ಮತ್ತೆ ಹೋಗಲೇಬೇಕು, ಆ ಕೂಲಿಯನ್ನು ಮೊದಲ ದರದಲ್ಲೇ ಸೇರಿಸಿ. ಅಡುಗೆಮನೆಯಲ್ಲಿ ಕಾಣುವ ಸಣ್ಣ ಜರ್ಮನ್ ಜಿರಳೆಗಳು ಪೈರೆಥ್ರಾಯ್ಡ್ ಎಂಬ ಸಾಮಾನ್ಯ ಕೀಟನಾಶಕದ ಸ್ಪ್ರೇಗೆ ಬಹಳ ಕಡೆ ಒಗ್ಗಿಹೋಗಿವೆ, ಅವು ತಿಂದು ಸಾಯುವ ವಿಷದ ಜೆಲ್ ಇಡುವುದು ಮೇಲು.

ದರ ಕಡಿಮೆ ಮಾಡುವವರ ಜೊತೆ ಪೈಪೋಟಿ ಬೇಡ. ಹೋಟೆಲ್, ಗೋದಾಮುಗಳ ವಾರ್ಷಿಕ ಒಪ್ಪಂದ ಹಿಡಿಯಿರಿ. ತಪಾಸಣೆಗೆ ಬಂದವರಿಗೆ ತೋರಿಸಲು ಅವರಿಗೆ ಸರಿಯಾದ ದಾಖಲೆ ಬೇಕು, ಪರವಾನಗಿ ಇಲ್ಲದವರು ಅದನ್ನು ಕೊಡಲಾರರು.