ನೈಟ್ ತೀರಿಕೊಂಡರೆ ಜಮೀನು ಯಾರಿಗೆ?

ಪ್ರಶ್ನೆ: ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನುದಾರ ನೈಟ್ (ಕುದುರೆ ಏರಿ ಹೋರಾಡುವ ಯೋಧ) ಸತ್ತರೆ ಹೆಂಡತಿ ಮಕ್ಕಳಿಗೆ ಏನು ಸಿಗುತ್ತಿತ್ತು?
– ಓದುಗರು, ಧಾರವಾಡ

ಉತ್ತರ: ಭೂಮಿ ಸಾಮಾನ್ಯವಾಗಿ ಹಿರಿಯ ಮಗನಿಗೆ, ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ವಿಧವೆಗೆ ಮೂರನೇ ಒಂದು ಭಾಗ, ಅದೂ ಜೀವಿತಾವಧಿಗೆ ಮಾತ್ರ. ಜಮೀನು ನೀಡಿದ್ದ ಒಡೆಯನಿಗೆ ವಾರಸುದಾರ ‘ರಿಲೀಫ್’ ಎಂಬ ಹಣ ಕಟ್ಟಬೇಕು. 1215ರ ಮ್ಯಾಗ್ನಾ ಕಾರ್ಟಾ ಎಂಬ ರಾಜಸನದು ಇದನ್ನು ಒಂದು ಪೂರ್ಣ ನೈಟ್ ಹಿಡುವಳಿಗೆ (ಒಬ್ಬ ನೈಟ್‌ನ ಸೇವೆಗೆ ಪ್ರತಿಯಾಗಿ ಕೊಟ್ಟ ಜಮೀನಿಗೆ) 100 ಶಿಲಿಂಗ್‌ಗೆ ಮಿತಿಗೊಳಿಸಿತು. ನಿಜವಾದ ಕಷ್ಟ ಮಗನಿಗೆ 21 ತುಂಬದಿದ್ದಾಗ: ಜಮೀನಿನ ಆದಾಯವೂ ಹುಡುಗನ ಮದುವೆ ಮಾಡುವ ಹಕ್ಕೂ ಒಡೆಯನ ಕೈಸೇರುತ್ತಿದ್ದವು. ಆ ಹಕ್ಕನ್ನು ಅವನು ಬೇರೆಯವರಿಗೆ ಮಾರಲೂಬಹುದಿತ್ತು.

ಮದುವೆಯಲ್ಲೇ ದೋಷವಿದ್ದರೆ ವಾರಸುದಾರಿಕೆಗೇ ಕುತ್ತು. ಲಿಂಕನ್‌ಶೈರಿನ ಇರ್ನ್‌ಹ್ಯಾಮ್‌ನ ಸರ್ ಜೆಫ್ರಿ ಲಟ್ರೆಲ್ (1276–1345) ಮತ್ತು ಪತ್ನಿ ಆಗ್ನೆಸ್ ಸಟನ್ ಚರ್ಚು ನಿಷೇಧಿಸಿದ್ದ ರಕ್ತಸಂಬಂಧದೊಳಗಿನವರು. ಅಂಥ ಮದುವೆ ಅಸಿಂಧುವೆಂದು ತೀರ್ಮಾನವಾದರೆ ಮಕ್ಕಳ ಹಕ್ಕೂ ಅಲುಗಾಡುತ್ತದೆ. 1331ರಲ್ಲಿ ಪೋಪರ ವಿನಾಯಿತಿ ದೊರೆಯಿತು. ಜೆಫ್ರಿ ಬರೆಸಿದ, ಬೈಬಲ್ಲಿನ ಕೀರ್ತನೆಗಳ ಹಸ್ತಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಪ್ರಸಿದ್ಧ ಚಿತ್ರದಲ್ಲಿ ಅವನು ಕುದುರೆಯ ಮೇಲಿದ್ದಾನೆ. ಆಗ್ನೆಸ್ ಶಿರಸ್ತ್ರಾಣ ಕೊಡುತ್ತಾಳೆ, ಸೊಸೆ ಬಿಯಾಟ್ರಿಸ್ ಗುರಾಣಿ ಹಿಡಿದಿದ್ದಾಳೆ. ಅವರ ಉಡುಪುಗಳನ್ನು ಗಮನಿಸಿ: ಆಗ್ನೆಸಳ ಉಡುಪಿನಲ್ಲಿ ಲಟ್ರೆಲ್–ಸಟನ್, ಬಿಯಾಟ್ರಿಸಳ ಉಡುಪಿನಲ್ಲಿ ಲಟ್ರೆಲ್–ಸ್ಕ್ರೋಪ್ (ಅವಳ ತವರು) ವಂಶಲಾಂಛನಗಳು ಜೋಡಿಯಾಗಿವೆ. ಎರಡೂ ಮದುವೆಗಳನ್ನು ಬಟ್ಟೆಯ ಮೇಲೆಯೇ ಸಾರಿದಂತಿದೆ.