ಆನ್‌ಲೈನ್‌ನಲ್ಲಿ ಕೊಂಡ ಕಾರ್ ಸ್ಟೀರಿಯೊ: ವಾಪಸ್ ಕಳುಹಿಸುವ ಮೊದಲು
ಆನ್‌ಲೈನ್‌ನಲ್ಲಿ ಕೊಂಡ ಸ್ಟೀರಿಯೊವನ್ನು ಅಂಗಡಿಯಲ್ಲಿ ಹಾಕಿಸಿದ ಮೇಲೆ, ಕೀಲಿ ತೆಗೆದಾಗಲೆಲ್ಲ ಗಡಿಯಾರವೂ ರೇಡಿಯೊ ಕೇಂದ್ರಗಳೂ ಅಳಿಸಿಹೋಗುತ್ತಿವೆ, ವಾಪಸ್ ಕಳುಹಿಸಲೇ ಎಂದು ಕೇಳಿದ್ದೀರಿ. ಹೀಗಾಗುತ್ತಿದ್ದರೆ, ಬಹುಮಟ್ಟಿಗೆ ಹಳದಿ ಮತ್ತು ಕೆಂಪು ತಂತಿಗಳು ಅದಲುಬದಲಾಗಿವೆ. ‘ಆನ್‌ಲೈನ್ ಮಾಲೇ ಹೀಗೆ’ ಎಂಬ ಅಂಗಡಿಯವರ ಮಾತನ್ನು ಈಗಲೇ ಒಪ್ಪಬೇಡಿ. ಸ್ಟೀರಿಯೊದ ಹಳದಿ ತಂತಿಗೆ ಬ್ಯಾಟರಿಯ 12 ವೋಲ್ಟ್ ಸದಾ ಬರಬೇಕು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ.

ಕೀಲಿ ತೆಗೆದು, ಕಾರಿನ ಕಡೆಯ ತಂತಿಗಳನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಮಾದರಿ ಯಾವುದೆಂದು ನೀವು ಬರೆದಿಲ್ಲ. ಆ ಬದಿಯ ಬಣ್ಣಗಳು ಬೇರೆಯಿರಬಹುದು, ಮೀಟರನ್ನೇ ನಂಬಿ. ಆಗಲೂ 12 ವೋಲ್ಟ್ ತೋರಿಸುವ ತಂತಿ ಹಳದಿಗೆ ಸೇರಬೇಕು. ಬ್ಯಾಟರಿಯ ನೆಗೆಟಿವ್ ಕಳಚಿದ ನಂತರವೇ ಬದಲಿಸಿ.

ಕಾರಿನ ಮೂಲ ತಂತಿ ಕತ್ತರಿಸಲು ದಯವಿಟ್ಟು ಯಾರಿಗೂ ಬಿಡಬೇಡಿ, ಕಾರಿನ ವಾರಂಟಿಗೇ ತಕರಾರು ಬರಬಹುದು. ನಿಮ್ಮ ಕಾರಿನ ಮಾದರಿಯ ಕಪ್ಲರ್ (ತಂತಿ ಕತ್ತರಿಸದೆ ಸ್ಟೀರಿಯೊವನ್ನು ಕಾರಿಗೆ ಜೋಡಿಸುವ ಪ್ಲಗ್) ಕೇಳಿ; ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಇಷ್ಟಾದರೂ ಅಳಿಸಿದರೆ, ವಾಪಸಾತಿಯ ಗಡುವಿನೊಳಗೆ ಹಿಂದಿರುಗಿಸಿ.