ಹಿಮಾನೇ ನೋಡದವ್ರು ಜನವರಿಯಾಗ ಕೇದಾರಕಂಠ ಹತ್ತಬಹುದಾ?

ನೀವು ಗದಗದವ್ರು, ಹಿಮಾ ಒಮ್ಮಿನೂ ನೋಡಿಲ್ಲ, ಕಪ್ಪತಗುಡ್ಡ ಆರಾಮ ಹತ್ತತೀನಿ, ಜನವರಿಯಾಗ ಉತ್ತರಾಖಂಡದ ಕೇದಾರಕಂಠ ಶಿಖರ ಆಗತೈತೇನು ಅಂತ ಕೇಳೀರಿ. ಹೋಗ್ರಿ, ಖಂಡಿತ ಹೋಗ್ರಿ. ಆದ್ರ ತುದಿ ಮುಟ್ಟೇ ಬರ್ತೀನಿ ಅಂತ ಮನ್ಯಾಗ ಮಾತು ಕೊಟ್ಟು ಹೋಗಬ್ಯಾಡ್ರಿ. ನಾ ಹಂಗ ಹೇಳಿ ಹುಬ್ಬಳ್ಳಿ ಬಿಟ್ಟಿದ್ದೆ, ಮುಟ್ಟಲಿಲ್ಲ.

ಮೂರು ತಿಂಗಳು ದಿನಾ ಮುಂಜಾನೆ ನೃಪತುಂಗ ಬೆಟ್ಟ ಹತ್ತಿ ಇಳಿದಿದ್ದೆ, ಉಸರಿಗೆ ಅದು ಭಾಳ ಉಪಯೋಗಕ್ಕ ಬಂತು. ಡೆಹ್ರಾಡೂನಿಂದ, ಹತ್ತೂದು ಶುರುವಾಗೂ ಊರು ಸಂಕ್ರಿಗೆ ಸುಮಾರು 200 ಕಿ.ಮೀ. ಗುಡ್ಡದ ರಸ್ತೆ, ಇಡೀ ದಿನಾ ಹೋಗತೈತಿ. ಸಂಕ್ರಿನೇ 1,900 ಮೀಟರ್ ದಾಟೈತಿ, ತುದಿ 3,800. ದಾರ್ಯಾಗಿನ ಕೆರಿ ಜೂಡಾ ಕಾ ತಾಲಾಬ್ ಮಟ ಏನೂ ತ್ರಾಸ ಆಗ್ಲಿಲ್ಲ. ಮರುದಿನ ಮ್ಯಾಲಿನ ಕ್ಯಾಂಪಿಗೆ ಮುಟ್ಟಿದ್ವಿ, ಸಂಜಿಗೆ ಹಿಮಾ ಬೀಳಾಕ ಹತ್ತಿದ್ದು ನಡುರಾತ್ರಿ ಮಟ ನಿಲ್ಲಲಿಲ್ಲ.

ಮುಂಜಾನೆ 3 ಗಂಟೆಗೆ ಹೆಡ್‌ಲ್ಯಾಂಪ್ ಹಚ್ಚಿಕೊಂಡು ಹೊಂಟ್ವಿ. ಹೊಸಾ ಹಿಮಾ ಹೆಂಗಂದ್ರ ಕಾಲ ಇಟ್ರ ಮೊಣಕಾಲ ಮಟ ಹೋಗತೈತಿ, ಅದನ್ನ ಕಿತ್ತಿ ಮುಂದಿಡೂದ್ರಾಗ ಇನ್ನೊಂದು ಕಾಲ ತೊಡಿ ಮಟ ಇಳದಿರತೈತಿ, ಮಳಿಗಾಲದಾಗ ಎರಿ ಹೊಲದಾಗ ನಡದವ್ರಿಗೆ ಸ್ವಲ್ಪ ಅಂದಾಜ ಸಿಗಬಹುದು, ಆದ್ರ ಇಲ್ಲಿ ಗುಡ್ಡದ ಏರು, ಗಾಳಿಯಾಗ ಆಕ್ಸಿಜನ್ನೂ ನಮ್ಮೂರಾಗಿನಕಿಂತ ಮೂರನೇ ಒಂದು ಪಾಲ ಕಡಿಮಿ. ಮುಂದ ಗೈಡ್ ತುಳಿದು ದಾರಿ ಮಾಡ್ತಿದ್ದ, ನಾವು ಅವನ ಹೆಜ್ಜಿಯೊಳಗ ಹೆಜ್ಜಿ ಇಟಗೋತ ಹೊಂಟ್ರೂ ಇಪ್ಪತ್ತು ಹೆಜ್ಜಿಗೊಮ್ಮೆ ನಿಂದರತಿದ್ವಿ. ನಮ್ಮ ಜೋಡಿ ಇದ್ದ ಗೆಳೆಯಾ ಗೇಟರ್ (ಹಿಮಾ ಒಳಗ ಹೋಗದಂಗ ಬೂಟಿನ ಮ್ಯಾಲ ಕಾಲಿಗೆ ಕಟ್ಟೂ ಹೊದಿಕಿ) ಕಟ್ಟಿರಲಿಲ್ಲ, ಬೂಟಿನೊಳಗ ಹಿಮಾ ಹೊಕ್ಕು ಕಾಲ್ಚೀಲ ತೊಯ್ದು, ಬೆರಳು ಅದಾವೋ ಇಲ್ಲೋ ಗೊತ್ತಾಗವಲ್ದು ಅಂದ. ಬೆಳಕ ಹರದಾಗ ಸ್ವರ್ಗಾರೋಹಿಣಿ ಶಿಖರ ಕಂಡ್ತು, ತುದಿನೂ ಕಂಡ್ತು, ಅಲ್ಲೇ ಗೈಡ್ ವಾಪಸ್ ಅಂದ. ಬಿಸಲು ಏರಿದ್ರ ಹಿಮಾ ಮೆತ್ತಗಾಗತೈತಿ, ಇಳಿಯೂದು ಇನ್ನೂ ಕಷ್ಟ, ಅದಕ್ಕ ಎಲ್ಲೇ ಇದ್ರೂ 8 ಗಂಟೆಗೆ ವಾಪಸ್ ಅಂತ ಮೊದಲ ಹೇಳಿದ್ದ. ನಾ ಅತ್ತೆ. ಆದ್ರ ಅವತ್ತು ಅವನ ಮಾತು ಕೇಳಿದ್ದಕ್ಕ ಗೆಳೆಯಾನ ಬೆರಳು ಉಳದ್ವು.

ಹಿಂಗಾಗಿ ಗೇಟರ್, ಮೈಕ್ರೋಸ್ಪೈಕ್ (ಜಾರದಂಗ ಬೂಟಿನ ತಳಕ್ಕ ಹಾಕೂ ಮೊಳಿ ಸರಪಳಿ) ಇಲ್ದ ಕಾಲ ಇಡಬ್ಯಾಡ್ರಿ, ಬಾಡಗಿಗೂ ಸಿಗತಾವು. ಕಾಟನ್ ಬ್ಯಾಡ, ತೊಯ್ದ್ರ ಆರೂದಿಲ್ಲ. ನೀರಿನ ಬಾಟ್ಲಿ ತಲಿಕೆಳಗ ಇಡ್ರಿ, ಮ್ಯಾಲಿಂದ ಹೆಪ್ಪ ಹಿಡೀತೈತಿ, ಬಾಯಿ ಕಟ್ಟೂದಿಲ್ಲ. ಮ್ಯಾಲ ಹೋದಂಗ ಹಸಿವಿ ಸಾಯ್ತೈತಿ, ನನಗ ಮನಿ ಶೇಂಗಾ ಉಂಡಿ ಒಂದ ಗಂಟಲಾಗ ಇಳೀತು. ತಲಿ ಭಾಳ ನೋಯ್ದು ವಾಂತಿ ಬಂದ್ರ ಮುಚ್ಚಿಡಬ್ಯಾಡ್ರಿ, ಗೈಡ್‌ಗೆ ಹೇಳಿ ಕೆಳಗ ಇಳೀರಿ. ಮತ್ತ, ರಜಾ ಹಾಕೂ ಮುಂದ ಒಂದು ದಿನಾ ಜಾಸ್ತಿ ಹಾಕ್ರಿ. ನಮ್ಮ ಕಡೆ ಆ ಒಂದು ದಿನಾ ಇರಲಿಲ್ಲ, ನಾವು ಇಳದ ಮರುದಿನ ಆಕಾಶ ಪೂರ್ತಿ ಸ್ವಚ್ಛ ಇತ್ತು.